ಎಂಜಿನ್ ಕೈಕೊಟ್ಟ ಹಳೆಯ ಕಾರು: ರಿಪೇರಿ ಮಾಡಿಸಬೇಕೇ, ಬಿಟ್ಟುಬಿಡಬೇಕೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಇದ್ದುದರಿಂದ, ಅವುಗಳಲ್ಲಿ ಕೆಲವನ್ನು ಒಟ್ಟಿಗೆ ತೆಗೆದುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹದಿನಾಲ್ಕು ವರ್ಷವಾಗಿದೆ, 1,60,000 ಕಿ.ಮೀ. ಓಡಿದೆ. ದೂರದ ಪ್ರಯಾಣವೊಂದರಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ದಾಟಿತು. ರಸ್ತೆ ಬದಿಗೆ ತರುವಷ್ಟರಲ್ಲಿ ಎಂಜಿನ್ ತಾನಾಗಿಯೇ ನಿಂತಿತು. ಗ್ಯಾರೇಜಿನವರು "ಎಂಜಿನ್ ಹೋಗಿದೆ, ಬೇರೆಯದನ್ನೇ ಕೂರಿಸಬೇಕು" ಎಂದರು. ಅವರು ಕೊಟ್ಟ ಅಂದಾಜು, ಚೆನ್ನಾಗಿ ಓಡುತ್ತಿರುವ ಇಂಥದೇ ಹಳೆಯ ಕಾರಿನ ಬೆಲೆಯ ಮುಕ್ಕಾಲು ಭಾಗದಷ್ಟಿದೆ. ಮನೆಯಲ್ಲಿ ಕೆಲವರು ರಿಪೇರಿ ಎನ್ನುತ್ತಾರೆ, ಕೆಲವರು ಗುಜರಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಎರಡನ್ನೂ ಈಗಲೇ ಮಾಡಬೇಡಿ. "ಎಂಜಿನ್ ಹೋಗಿದೆ" ಎಂಬ ಮಾತಿನಿಂದ ಯಾವ ಭಾಗ ಕೆಟ್ಟಿದೆ ಎಂಬುದು ಗೊತ್ತಾಗುವುದಿಲ್ಲ. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಒಡಲಾದ ಸಿಲಿಂಡರ್ ಬ್ಲಾಕ್ ಮತ್ತು ಅದರ ಮೇಲಿನ ಮುಚ್ಚಳವಾದ ಹೆಡ್, ಇವೆರಡರ ನಡುವಿನ ತೆಳು ಪದರ) ಸುಟ್ಟಿದ್ದರೂ ಹಾಗೆ ಹೇಳುತ್ತಾರೆ, ಸಿಲಿಂಡರ್ ಬ್ಲಾಕ್ ಸೀಳಿ ಕನೆಕ್ಟಿಂಗ್ ರಾಡ್ (ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಸರಳು) ಹೊರಗೆ ಬಂದಿದ್ದರೂ ಹಾಗೆಯೇ ಹೇಳುತ್ತಾರೆ. ಮೊದಲನೆಯದನ್ನು ಎಂಜಿನ್ ಕಾರಿನಲ್ಲಿರುವಾಗಲೇ ಸರಿಪಡಿಸಬಹುದು, ಎರಡನೆಯದಕ್ಕೆ ಎಂಜಿನನ್ನೇ ಬದಲಿಸಬೇಕು. ಖರ್ಚಿನಲ್ಲಿ ಹಲವು ಪಟ್ಟು ವ್ಯತ್ಯಾಸ. ಆದ್ದರಿಂದ ಮೊದಲು ತಪಾಸಣೆಯೊಂದನ್ನೇ ಪ್ರತ್ಯೇಕ ಕೆಲಸವೆಂದು ಭಾವಿಸಿ, ಅದಕ್ಕೆ ಬೇರೆಯಾಗಿ ಹಣ ಕೊಟ್ಟು, ಸಾಧ್ಯವಿದ್ದರೆ ರಿಪೇರಿಯ ಗುತ್ತಿಗೆ ಸಿಗುತ್ತದೆಂಬ ನಿರೀಕ್ಷೆಯೇ ಇಲ್ಲದ ಇನ್ನೊಬ್ಬ ಮೆಕ್ಯಾನಿಕ್‌ನಿಂದ ಮಾಡಿಸಿ.

ಕೈಯಲ್ಲಿ ಎಂಜಿನ್ ತಿರುಗುತ್ತದೆಯೇ ಎಂಬುದರಿಂದ ತಪಾಸಣೆ ಆರಂಭವಾಗಬೇಕು. ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಅಲುಗದಿದ್ದರೆ, ಸೀಜ್ ಆಗಿದೆ (ಒಳಗೇ ಬಿಗಿದುಕೊಂಡಿದೆ) ಎಂದು ತೀರ್ಮಾನಿಸುವ ಮೊದಲು ಹೊರಗಿನ ಬೆಲ್ಟನ್ನು ಕಳಚಿ ಇನ್ನೊಮ್ಮೆ ನೋಡಬೇಕು, ಬಿಗಿದುಕೊಂಡ ಎ.ಸಿ. ಕಂಪ್ರೆಸರ್ ಅಥವಾ ಆಲ್ಟರ್ನೇಟರ್ ಇಡೀ ಎಂಜಿನನ್ನು ಹಿಡಿದು ನಿಲ್ಲಿಸಿರುವುದುಂಟು. ಎಂಜಿನ್ ತಿರುಗುವುದಾದರೆ ಮುಂದಿನದು ಕಂಪ್ರೆಷನ್ ಪರೀಕ್ಷೆ. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರ್‌ನಿಂದ ಕೆಲವು ಸುತ್ತು ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುತ್ತಾರೆ. ಆರೋಗ್ಯವಂತ ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ 10ರಿಂದ 14 ಬಾರ್ ಇರುತ್ತದೆ. ಆದರೆ ಅಂಕಿ ಎಷ್ಟಿದೆ ಎಂಬುದಕ್ಕಿಂತ ಸಿಲಿಂಡರುಗಳ ನಡುವೆ ವ್ಯತ್ಯಾಸ ಎಷ್ಟಿದೆ ಎಂಬುದು ಮುಖ್ಯ. ಶೇ. 10–15ಕ್ಕಿಂತ ಹೆಚ್ಚು ಇಳಿದ ಸಿಲಿಂಡರಿಗೆ ಒಂದು ಸಣ್ಣ ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದರೆ ಇನ್ನಷ್ಟು ತಿಳಿಯುತ್ತದೆ: ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರದಿದ್ದರೆ ದೋಷ ಗಾಳಿ, ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವುಗಳಲ್ಲಿ ಅಥವಾ ಗ್ಯಾಸ್ಕೆಟಿನಲ್ಲಿದೆ.

ಇದಕ್ಕಿಂತಲೂ ನನಗೆ ಮೆಚ್ಚುಗೆಯಾದ ಪರೀಕ್ಷೆ ಎಂದರೆ ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆಯನ್ನು ಕೇಳುವುದು. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಪ್ಲಗ್ಗಿನ ರಂಧ್ರದಿಂದ ಕಂಪ್ರೆಸರಿನ ಗಾಳಿ ಬಿಟ್ಟು ಕಿವಿಗೊಟ್ಟರೆ, ಆಯಿಲ್ ತುಂಬುವ ಬಾಯಿಯಲ್ಲಿ ಸುಸ್ಸೆಂದರೆ ರಿಂಗ್, ಸೈಲೆನ್ಸರ್ ಕೊಳವೆಯಲ್ಲಿ ಸುಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು. ನಿಮ್ಮದು ಕಾದು ನಿಂತ ಎಂಜಿನ್ ಆದ್ದರಿಂದ, ಅದು ಇನ್ನೂ ಸ್ಟಾರ್ಟ್ ಆಗುವ ಸ್ಥಿತಿಯಲ್ಲಿದ್ದರೆ, ಕೂಲಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಮೇಲಿನ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಹಾಯಿಸಿ ನೋಡುವ ಪರೀಕ್ಷೆಯನ್ನೂ ಮಾಡಿಸಬಹುದು. ಉರಿದ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಕೆನೆಯಂಥ ಬಿಳಿ ಪದರ ಕಂಡ ಮಾತ್ರಕ್ಕೆ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಿಲ್ಲ. ಚಳಿಯಲ್ಲಿ ತುಸು ದೂರ ಮಾತ್ರ ಓಡುವ ಕಾರುಗಳಲ್ಲಿ ತೇವ ಕಟ್ಟಿಯೂ ಹಾಗಾಗುತ್ತದೆ. ಡಿಪ್‌ಸ್ಟಿಕ್ಕಿಗೆ ಅಂಟಿದ ಆಯಿಲ್ ಸಹ ಹಾಲು ಬೆರೆತಂತಿದ್ದರೆ ಆಗ ಚಿಂತಿಸಬೇಕು.

ಕೊನೆಯದಾಗಿ ಆಯಿಲ್ ಫಿಲ್ಟರನ್ನು ಕತ್ತರಿಸಿ ತೆರೆದು, ಎಂಜಿನ್ನಿನ ತಳದಲ್ಲಿರುವ ಆಯಿಲ್ ತೊಟ್ಟಿಯನ್ನು (ಸಂಪ್) ಇಳಿಸಿ ನೋಡಲಿ. ಅಲ್ಲಿ ಹೊಳೆಯುವ ಲೋಹದ ಚೂರುಗಳು, ಅದರಲ್ಲೂ ತಾಮ್ರದ ಬಣ್ಣದವು ಕಂಡರೆ, ಬೇರಿಂಗುಗಳು ಸವೆದು ಒಳಪದರ ಬಯಲಾಗಿದೆ ಎಂದರ್ಥ. ಅಂದರೆ ಎಂಜಿನ್ನಿನ ಕೆಳಭಾಗ ಕೆಟ್ಟಿದೆ. ನಿಮ್ಮ ನಿರ್ಧಾರ ಬಹುಮಟ್ಟಿಗೆ ಈ ಒಂದು ವಿಷಯದ ಮೇಲೆಯೇ ನಿಂತಿದೆ. ಕೆಳಭಾಗ ಚೆನ್ನಾಗಿದ್ದು ಕೇವಲ ಹೆಡ್ ಬಾಗಿದ್ದರೆ, ಅದನ್ನು ಬಿಚ್ಚಿ ಫೇಸಿಂಗ್ ಮಾಡಿಸಿ (ಅಡಿಯ ಮೇಲ್ಮೈಯನ್ನು ಸಮತಟ್ಟಾಗಿ ಉಜ್ಜಿಸಿ) ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕಾಗಬಹುದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಬೋಲ್ಟುಗಳಿಂದ ಬಿಗಿದ ಅಲ್ಯೂಮಿನಿಯಂ ಹೆಡ್ ಅತಿಯಾಗಿ ಕಾದರೆ ಬಾಗದೆ ಬೇರೆ ದಾರಿಯಿಲ್ಲ. ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಅಳೆದಾಗ ಬಾಗು 0.05ರಿಂದ 0.1 ಮಿ.ಮೀ. ಮೀರಿದರೆ ಬಹುತೇಕ ಎಂಜಿನ್ನುಗಳಲ್ಲಿ ಫೇಸಿಂಗ್ ಬೇಕಾಗುತ್ತದೆ. ಫೇಸಿಂಗಿಗೆ ಮುಂಚೆ ಹೆಡ್ಡಿನಲ್ಲಿ ಬಿರುಕಿದೆಯೇ ಎಂದು ಒತ್ತಡ ಹಾಕಿ ಪರೀಕ್ಷಿಸಲು ಮರೆಯದೆ ಹೇಳಿ. ಬಿರುಕು ಬಿಟ್ಟ ಹೆಡ್ಡನ್ನು ನುಣ್ಣಗೆ ಉಜ್ಜಿಸಿ ಮತ್ತೆ ಕೂರಿಸಿ ಎರಡೆರಡು ಬಾರಿ ಕೂಲಿ ತೆತ್ತವರು ಕಡಿಮೆಯಿಲ್ಲ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆಯನ್ನು ಅನೇಕ ಗ್ಯಾರೇಜುಗಳು ಎತ್ತುವುದೇ ಇಲ್ಲ: ಎಂಜಿನ್ ಕಾದದ್ದು ಏಕೆ? ಥರ್ಮೋಸ್ಟಾಟ್ ಮುಚ್ಚಿಕೊಂಡಿತ್ತೇ, ವಾಟರ್ ಪಂಪಿನ ರೆಕ್ಕೆ ಸವೆದಿತ್ತೇ, ಫ್ಯಾನ್ ತಿರುಗುತ್ತಿರಲಿಲ್ಲವೇ, ರೇಡಿಯೇಟರಿನ ಅರ್ಧ ಕೊಳವೆಗಳು ಕೆಸರು ಕಟ್ಟಿ ಮುಚ್ಚಿದ್ದವೇ? ಕಾರಣ ಪತ್ತೆಯಾಗದೆ ಎಂಜಿನ್ ಬದಲಿಸಿದರೆ, ಹೊಸದಾಗಿ ಬಂದ ಎಂಜಿನ್ನೂ ಅದೇ ರೇಡಿಯೇಟರಿನ ಕೈಯಲ್ಲಿ ಕೆಡುತ್ತದೆ. ಅಂದಾಜಿನಲ್ಲಿ ಈ ಭಾಗಗಳ ಹೆಸರೇ ಇಲ್ಲದಿದ್ದರೆ ಆ ಅಂದಾಜು ಅಪೂರ್ಣ.

ಈಗ ಎಂಜಿನ್ನನ್ನು ಬದಿಗಿಟ್ಟು ಕಾರಿನ ಉಳಿದ ಭಾಗವನ್ನು ನೋಡೋಣ. ನನ್ನ ಅಭಿಪ್ರಾಯದಲ್ಲಿ ಹಳೆಯ ಕಾರನ್ನು ಉಳಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಎಂಜಿನ್ನಿಗಿಂತ ಹೆಚ್ಚಾಗಿ ಬಾಡಿಯಲ್ಲಿದೆ. ಎಂಜಿನ್ನನ್ನು ಬದಲಿಸಬಹುದು, ತುಕ್ಕು ತಿಂದ ಚಾಸಿಯನ್ನು ಹಾಗೆ ಬದಲಿಸಲಾಗದು. ಕಾರನ್ನು ಲಿಫ್ಟಿನ ಮೇಲೆ ಏರಿಸಿ, ಬಾಗಿಲಿನ ಕೆಳಗಿನ ಅಂಚು, ಸಸ್ಪೆನ್ಷನ್ ಬಂದು ಕೂರುವ ಜಾಗ, ಸೀಟ್ ಬೆಲ್ಟ್ ಬಿಗಿದ ಜಾಗ, ಎಂಜಿನ್ ಹೊರುವ ಸಬ್‌ಫ್ರೇಮ್ ಇವನ್ನೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತುದಿ ಒಳಗೆ ಹೋದರೆ ಲೆಕ್ಕಾಚಾರ ಅಲ್ಲಿಗೇ ಮುಗಿಯಿತು, ರಿಪೇರಿಯ ಮಾತು ಬೇಡ. ಗೇರ್‌ಬಾಕ್ಸ್ ಆಟೋಮ್ಯಾಟಿಕ್ ಆಗಿದ್ದರೆ ಅದರ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ ನೋಡಿ. ಎಂಜಿನ್ ಹಾಕಿಸಿದ ಮರುವರ್ಷ ಗೇರ್‌ಬಾಕ್ಸ್ ಕೈಕೊಡುವುದು ಹಳೆಯ ಕಾರುಗಳ ವಿಷಯದಲ್ಲಿ ತೀರಾ ಸಾಮಾನ್ಯವಾದ ಕಥೆ. ಬಿಡಿಭಾಗಗಳು ಇನ್ನೂ ಸಿಗುತ್ತವೆಯೇ ಎಂಬುದನ್ನೂ ವಿಚಾರಿಸಿ.

ಹಣದ ವಿಷಯಕ್ಕೆ ಬಂದರೆ, "ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಬಿಡಿ" ಎಂಬ ಸೂತ್ರವನ್ನು ಬಹಳ ಜನ ಹೇಳುತ್ತಾರೆ. ಅದು ಸುಲಭವಾಗಿದೆ, ಆದರೆ ಪೂರ್ತಿ ಸರಿಯಿಲ್ಲ. ಕಾರನ್ನು ಮಾರುವ ಉದ್ದೇಶವೇ ಇಲ್ಲದವನಿಗೆ ಮಾರುಕಟ್ಟೆಯ ಬೆಲೆ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ. ಹೋಲಿಸಬೇಕಾದದ್ದು ಎರಡು ದಾರಿಗಳ ವಾರ್ಷಿಕ ಖರ್ಚನ್ನು. ಒಂದು ಕಡೆ ರಿಪೇರಿ ಖರ್ಚು, ಅದರ ಜೊತೆಗೆ ಕೆಟ್ಟ ಸ್ಥಿತಿಯಲ್ಲಿಯೇ ಈಗ ಮಾರಿದ್ದರೆ ಸಿಗುತ್ತಿದ್ದ ಹಣ (ಇಟ್ಟುಕೊಂಡರೆ ಅದನ್ನೂ ಬಿಟ್ಟುಕೊಟ್ಟಂತೆಯೇ), ಮತ್ತು ಮುಂದಿನ ಕೆಲವು ವರ್ಷಗಳಲ್ಲಿ ಬಂದೇ ಬರುವ ಟೈರ್, ಸಸ್ಪೆನ್ಷನ್, ಬ್ರೇಕಿನ ಕೆಲಸ. ಇದನ್ನು ಕಾರು ಇನ್ನೆಷ್ಟು ವರ್ಷ ಓಡಬಹುದೋ ಅಷ್ಟರಿಂದ ಭಾಗಿಸಿ. ಇನ್ನೊಂದು ಕಡೆ ಬದಲಿ ಕಾರಿನ ಬೆಲೆಯಲ್ಲಿ ಅಷ್ಟೇ ವರ್ಷಗಳಲ್ಲಿ ಆಗುವ ಇಳಿಕೆ, ಸಾಲವಿದ್ದರೆ ಬಡ್ಡಿ, ಹೆಚ್ಚುವ ವಿಮೆ ಇವನ್ನಿಟ್ಟು ಹಾಗೆಯೇ ಭಾಗಿಸಿ. ಉದಾಹರಣೆಗೆ ಬದಲಿ ಕಾರಿನ ಬೆಲೆಯನ್ನು 100 ಎಂದುಕೊಳ್ಳಿ. ರಿಪೇರಿ 30, ಗುಜರಿ ಬೆಲೆ 5, ಮುಂದಿನ ಸಣ್ಣಪುಟ್ಟ ಕೆಲಸ 10 ಎಂದಾದರೆ ಒಟ್ಟು 45. ಐದು ವರ್ಷ ಓಡಿದರೆ ವರ್ಷಕ್ಕೆ 9. ಬದಲಿ ಕಾರು ಐದು ವರ್ಷದಲ್ಲಿ 50ಕ್ಕೆ ಇಳಿದರೆ ಬಡ್ಡಿ, ವಿಮೆ ಸೇರಿಸದೆಯೇ ವರ್ಷಕ್ಕೆ 10 ಆಯಿತು. ಅದೇ ರಿಪೇರಿಯಾದ ಕಾರು ಎರಡೇ ವರ್ಷ ಓಡಿದರೆ ವರ್ಷಕ್ಕೆ ಇಪ್ಪತ್ತೆರಡೂವರೆ ಬೀಳುತ್ತದೆ. ಎಲ್ಲವೂ ಆ "ಎಷ್ಟು ವರ್ಷ" ಎಂಬ ಊಹೆಯ ಮೇಲೆ ನಿಂತಿರುವುದರಿಂದಲೇ ಬಾಡಿಯ ತಪಾಸಣೆಗೆ ನಾನು ಅಷ್ಟು ಒತ್ತು ಕೊಟ್ಟದ್ದು.

ಮನೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಎರಡು ಅಂಶಗಳಿವೆ. ನಿಮ್ಮ ಕಾರಿನ ಚರಿತ್ರೆ ನಿಮಗೆ ಗೊತ್ತು. ಅದೇ ಬೆಲೆಗೆ ಬರುವ ಇನ್ನೊಂದು ಹಳೆಯ ಕಾರಿನದು ಗೊತ್ತಿಲ್ಲ, ಅದರ ಎಂಜಿನ್ ಆರು ತಿಂಗಳಿಗೆ ಕೈಕೊಡುವುದಿಲ್ಲವೆಂದು ಯಾರೂ ಬರೆದುಕೊಡುವುದಿಲ್ಲ. ಇದು ರಿಪೇರಿಯ ಪರವಾದ ವಾದ. ಇನ್ನೊಂದು ಸುರಕ್ಷತೆಯದು: ಹದಿನಾಲ್ಕು ವರ್ಷದ ಕಾರಿನಲ್ಲಿ ಸಾಕಷ್ಟು ಏರ್‌ಬ್ಯಾಗ್‌ಗಳಾಗಲಿ, ಕಾರು ಜಾರಿ ಅಡ್ಡ ತಿರುಗದಂತೆ ತಡೆಯುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಆಗಲಿ ಇಲ್ಲದೆ ಇರಬಹುದು. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಇದೊಂದೇ ಕಾರಣಕ್ಕೆ ಕಾರು ಬದಲಿಸಿದರೂ ಅದನ್ನು ದುಂದುವೆಚ್ಚ ಎನ್ನಲಾರೆ.

ನಿಮ್ಮ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ದೋಷ ಹೆಡ್ಡಿಗೆ ಮಾತ್ರ ಸೀಮಿತವಾಗಿದ್ದು ಬಾಡಿ ಗಟ್ಟಿಯಾಗಿದ್ದರೆ ರಿಪೇರಿ ಮಾಡಿಸಿ, ಆಗ ಖರ್ಚೂ ಈಗಿನ ಅಂದಾಜಿಗಿಂತ ಬಹಳ ಕಡಿಮೆಯಾಗುತ್ತದೆ. ಕೆಳಭಾಗವೂ ಕೆಟ್ಟಿದ್ದು ಮುಕ್ಕಾಲು ಬೆಲೆ ತೆರಲೇಬೇಕೆಂದಾದರೆ, ಅತ್ಯುತ್ತಮ ಸ್ಥಿತಿಯ ಬಾಡಿ ಮತ್ತು ಗೇರ್‌ಬಾಕ್ಸ್ ಇದ್ದ ಹೊರತು ಆ ಹಣವನ್ನು ಈ ಕಾರಿಗೆ ಹಾಕಬೇಡಿ.

ಪ್ರಶ್ನೆ: ಎಂಜಿನ್ ಬದಲಿಸುವುದೆಂದು ನಿರ್ಧರಿಸಿದ್ದೇವೆ. ಬೇರೆ ಕಾರಿನಿಂದ ತೆಗೆದ ಹಳೆಯ ಎಂಜಿನ್ ಹಾಕಿಸುವುದೋ, ಇರುವುದನ್ನೇ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸುವುದೋ?

ಉತ್ತರ: ಒಳ್ಳೆಯ ಕೈಯಲ್ಲಿ ಓವರ್‌ಹಾಲ್ ಆದ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ, ಆದರೆ ಆ "ಒಳ್ಳೆಯ ಕೈ" ಎಂಬುದೇ ಕಷ್ಟ. ಬೋರ್ ಎಷ್ಟು ಅಂಡಾಕಾರವಾಗಿದೆ, ಮೇಲಿಂದ ಕೆಳಕ್ಕೆ ಎಷ್ಟು ಇಳಿಜಾರಾಗಿದೆ ಎಂದು ಅಳೆದು, ಬೇಕಿದ್ದರೆ 0.25 ಅಥವಾ 0.50 ಮಿ.ಮೀ. ದೊಡ್ಡದು ಮಾಡಿಸಿ ಅದೇ ಅಳತೆಯ ಪಿಸ್ಟನ್ ಹಾಕಬೇಕು. ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡ್ ಮಾಡಿಸಿದರೆ ಅದಕ್ಕೆ ಹೊಂದುವ ಬೇರಿಂಗ್ ಬೇಕು. ಬಿಗಿದಾಗ ಹಿಗ್ಗುವ ಜಾತಿಯ ಹೆಡ್ ಬೋಲ್ಟುಗಳನ್ನು ಮತ್ತೆ ಬಳಸುವಂತಿಲ್ಲ. ಈ ಅಳತೆಗಳನ್ನು ಕಾಗದದಲ್ಲಿ ಬರೆದುಕೊಡುವ ಗ್ಯಾರೇಜನ್ನು ನಂಬಬಹುದು. ರಿಂಗ್ ಮತ್ತು ಬೇರಿಂಗ್ ಮಾತ್ರ ಹೊಸದು ಹಾಕಿ "ಓವರ್‌ಹಾಲ್" ಎಂದು ಕರೆಯುವವರಿಂದ ದೂರವಿರಿ. ಬೇರಿಂಗ್ ಪುಡಿಯಾಗಿ ಕೆಟ್ಟ ಎಂಜಿನ್ ಆಗಿದ್ದರೆ ಆಯಿಲ್ ಕೂಲರನ್ನು ತೊಳೆದು ಮತ್ತೆ ಬಳಸುವ ಆಸೆ ಬೇಡ: ಅದರ ಸಂದುಗಳಲ್ಲಿ ಕುಳಿತ ಲೋಹದ ಪುಡಿ ಹೊಸ ಬೇರಿಂಗುಗಳಿಗೆ ಹೋಗಿ ಸೇರುತ್ತದೆ. ಟರ್ಬೋ ಇದ್ದರೆ ಅದನ್ನೂ ಬಿಚ್ಚಿ ನೋಡಿಸಬೇಕು.

ಹಳೆಯ ಎಂಜಿನ್ ಅಗ್ಗ, ಬೇಗ ಮುಗಿಯುವ ಕೆಲಸ. ಅದರ ಒಳಗೇನಿದೆ ಎಂಬುದು ಮಾತ್ರ ಅದೃಷ್ಟ. ಯಾವ ಕಾರಿನಿಂದ ತೆಗೆದದ್ದು, ಆ ಕಾರು ಎಷ್ಟು ಓಡಿತ್ತು, ಏಕೆ ಒಡೆಯಲಾಯಿತು ಎಂಬುದಕ್ಕೆ ದಾಖಲೆ ಕೇಳಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಎಂಜಿನ್ ಒಳ್ಳೆಯದು. ನೆರೆಯಲ್ಲಿ ಮುಳುಗಿದ ಕಾರಿನದು ಬೇಡವೇ ಬೇಡ. ಕೂರಿಸುವ ಮೊದಲು, ಹೊರಗೆ ಸ್ಟ್ಯಾಂಡಿನ ಮೇಲಿರುವಾಗಲೇ, ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್ ಶಾಫ್ಟಿನ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ನಡೆಸುವ ಪಟ್ಟಿ), ವಾಟರ್ ಪಂಪ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಸವೆದಿದ್ದರೆ ಕ್ಲಚ್ ಬದಲಿಸಿಬಿಡಿ. ಈಗ ಬಿಡಿಭಾಗದ ಬೆಲೆಯಷ್ಟೇ ಆಗುತ್ತದೆ. ಆರು ತಿಂಗಳ ಮೇಲೆ ಸೀಲ್ ಸೋರಿದರೆ ಅದೊಂದು ಉಂಗುರಕ್ಕಾಗಿ ಗೇರ್‌ಬಾಕ್ಸನ್ನೇ ಇಳಿಸಬೇಕು. ವಾರಂಟಿ ಕೊಡುತ್ತೇವೆಂದರೆ ಅದು ಎಂಜಿನ್ನಿಗೆ ಮಾತ್ರವೋ, ಮತ್ತೆ ಇಳಿಸಿ ಕೂರಿಸುವ ಕೂಲಿಗೂ ಸೇರಿದೆಯೋ ಎಂದು ಬರೆಸಿಕೊಳ್ಳಿ. ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ನಮೂದಾಗಿದ್ದರೆ ಅದನ್ನು ತಿದ್ದಿಸುವುದೂ ಕೆಲಸದ ಒಂದು ಭಾಗವೇ.

ಪ್ರಶ್ನೆ: ಕಾರು ಓಡುತ್ತಿದ್ದಾಗ ಟೈಮಿಂಗ್ ಬೆಲ್ಟ್ ತುಂಡಾಗಿ ಎಂಜಿನ್ ನಿಂತಿತು. ಸ್ಟಾರ್ಟರ್ ಒತ್ತಿದರೆ ಎಂಜಿನ್ ಎಂದಿಗಿಂತ ಹಗುರಾಗಿ, ಸರಾಗವಾಗಿ ತಿರುಗುತ್ತದೆ. ಬೆಲ್ಟ್ ಹೊಸದು ಹಾಕಿದರೆ ಸಾಕೇ?

ಉತ್ತರ: ಸ್ಟಾರ್ಟರ್ ಒತ್ತುವುದನ್ನು ಮೊದಲು ನಿಲ್ಲಿಸಿ. ಆ ಹಗುರವಾದ ಸದ್ದೇ ಕೆಟ್ಟ ಸೂಚನೆ, ಏಕೆಂದರೆ ಸಿಲಿಂಡರಿನಲ್ಲಿ ಒತ್ತಡ ಹುಟ್ಟುತ್ತಿಲ್ಲ. ಬೆಲ್ಟ್ ತುಂಡಾದೊಡನೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ನಿಂತು, ಕೆಲವು ವಾಲ್ವುಗಳು ತೆರೆದ ಸ್ಥಿತಿಯಲ್ಲೇ ಉಳಿಯುತ್ತವೆ. ಪಿಸ್ಟನ್ ಮಾತ್ರ ಮೇಲೆ ಬರುತ್ತಲೇ ಇರುತ್ತದೆ. ಎರಡಕ್ಕೂ ಜಾಗ ಸಾಲದಂತೆ ರಚಿತವಾದ ಎಂಜಿನ್ ಆಗಿದ್ದರೆ ವಾಲ್ವುಗಳು ಬಾಗಿರುವುದು ಬಹುತೇಕ ಖಚಿತ. ಜಾಗ ಬಿಟ್ಟು ರಚಿತವಾದ ಎಂಜಿನ್ನುಗಳೂ ಇವೆ. ಅವುಗಳಿಗೆ ನಿಜಕ್ಕೂ ಬೆಲ್ಟ್ ಹಾಕಿದರೆ ಸಾಕು. ನಿಮ್ಮದು ಯಾವ ಜಾತಿಯದೆಂದು ಕಂಪನಿಯ ಸರ್ವಿಸ್ ಮಾಹಿತಿಯಿಂದ ತಿಳಿದುಕೊಂಡು, ಮೇಲೆ ಹೇಳಿದ ಗಾಳಿ ಪರೀಕ್ಷೆ ಮಾಡಿಸಿ. ವಾಲ್ವುಗಳು ಮಾತ್ರ ಬಾಗಿ ಪಿಸ್ಟನ್ನಿನ ತಲೆಯ ಮೇಲೆ ಸಣ್ಣ ಗುರುತಷ್ಟೇ ಇದ್ದರೆ, ಹೆಡ್ ರಿಪೇರಿ ಮಾಡಿಸಿ ಕಾರನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಇಲ್ಲಿ ಎಂಜಿನ್ ಸವೆದು ಕೆಟ್ಟದ್ದಲ್ಲ. ಬೆಲ್ಟಿನ ಆಯುಷ್ಯ ಕಿಲೋಮೀಟರಿನಲ್ಲಿ ಮಾತ್ರವಲ್ಲ, ವರ್ಷಗಳಲ್ಲೂ ಇದೆ. ಕಡಿಮೆ ಓಡಿದ ಕಾರಿನವರು ಇದನ್ನೇ ಮರೆಯುತ್ತಾರೆ.

ಪ್ರಶ್ನೆ: ನೀರು ನಿಂತ ರಸ್ತೆಯಲ್ಲಿ ಹೋಗುವಾಗ ಡೀಸೆಲ್ ಕಾರು ಒಮ್ಮೆಲೇ ನಿಂತಿತು. ಒಣಗಿದ ಮೇಲೆ ಸ್ಟಾರ್ಟ್ ಆಯಿತು, ಆದರೆ ನಡುಗುತ್ತದೆ. ಹೀಗೆಯೇ ಓಡಿಸಬಹುದೇ?

ಉತ್ತರ: ಓಡಿಸಬೇಡಿ. ನೀರು ಗಾಳಿಯಂತೆ ಅಮುಕುವುದಿಲ್ಲ. ಗಾಳಿಯ ದಾರಿಯಿಂದ ಸಿಲಿಂಡರಿಗೆ ನೀರು ಹೋಗಿದ್ದರೆ ಮೇಲೇರಿದ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ತುಸು ಬಾಗಿರಬಹುದು. ಬಾಗಿದ ರಾಡ್ ಗಿಡ್ಡವಾಗುತ್ತದೆ, ಆ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಯನ್ನು ಮುಟ್ಟದೆ ಕಂಪ್ರೆಷನ್ ಇಳಿಯುತ್ತದೆ, ನಡುಕ ಬರುತ್ತದೆ. ಇಂಥ ರಾಡ್ ಮುಂದೊಮ್ಮೆ ವೇಗದಲ್ಲಿ ಮುರಿದು ಬ್ಲಾಕನ್ನೇ ತೂತು ಮಾಡಬಹುದು. ಇಂದು ರಾಡ್ ಬದಲಿಸಿದರೆ ಮುಗಿಯುವ ರಿಪೇರಿ, ಅಂದು ಎಂಜಿನ್ ಬದಲಿಸುವ ಕೆಲಸವಾಗುತ್ತದೆ. ಯಾಂತ್ರಿಕ ದೋಷಕ್ಕೆ ಸಾಮಾನ್ಯವಾಗಿ ಹಣ ಕೊಡದ ವಿಮೆ, ನೀರಿನ ಹಾನಿಯನ್ನು ಒಳಗೊಂಡಿರುವುದುಂಟು. ಬಿಚ್ಚಿಸುವ ಮುನ್ನ ನಿಮ್ಮ ಪಾಲಿಸಿಯನ್ನು ಓದಿ, ವಿಮೆಯವರಿಗೆ ತಿಳಿಸಿ.

ಪ್ರಶ್ನೆ: ಕಳೆದ ವರ್ಷವಷ್ಟೇ ಹೊಸ ಟೈರು, ಕ್ಲಚ್, ಶಾಕ್ ಅಬ್ಸಾರ್ಬರ್ ಹಾಕಿಸಿದ್ದೆ. ಈಗ ಎಂಜಿನ್ ಕೆಟ್ಟಿದೆ. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಕಾರನ್ನು ಬಿಡಲು ಮನಸ್ಸು ಬರುತ್ತಿಲ್ಲ.

ಉತ್ತರ: ಆ ಹಣ ಖರ್ಚಾಗಿದೆ, ಕಾರನ್ನು ಇಟ್ಟುಕೊಂಡರೂ ಬಿಟ್ಟರೂ ಅದು ಹಿಂದಿರುಗುವುದಿಲ್ಲ. ಆದರೆ ಆ ಟೈರು, ಕ್ಲಚ್ ಇನ್ನೂ ಹೊಸದಾಗಿವೆ ಎಂಬುದು ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮುಂದಿನ ಮೂರ್ನಾಲ್ಕು ವರ್ಷ ಅವುಗಳಿಗೆ ಮತ್ತೆ ಹಣ ಹಾಕಬೇಕಿಲ್ಲ. ನಿಮ್ಮ ರಸೀದಿಗಳನ್ನು ಆ ಒಂದು ಕಾರಣಕ್ಕೆ ಮಾತ್ರ ನೋಡಿ.

ಪ್ರಶ್ನೆ: ರಿಪೇರಿ ಬೇಡವೆಂದು ತೀರ್ಮಾನಿಸಿದ್ದೇವೆ. ಎಂಜಿನ್ ಕೆಟ್ಟ ಕಾರನ್ನು ಹೇಗೆ ಮಾರುವುದು?

ಉತ್ತರ: ಎಂಜಿನ್ ಬಿಚ್ಚಿಸುವ ಮೊದಲೇ ಮಾರಿ. ಬಿಡಿಬಿಡಿಯಾಗಿ ಡಬ್ಬಗಳಲ್ಲಿ ತುಂಬಿಟ್ಟ ಎಂಜಿನ್ ಇರುವ ಕಾರಿಗೆ ಗುಜರಿಯವರು ಸಹ ಮುಖ ತಿರುಗಿಸುತ್ತಾರೆ. ಏನು ಕಳೆದುಹೋಗಿದೆಯೋ ಯಾರಿಗೆ ಗೊತ್ತು. ತಪಾಸಣೆಯ ವರದಿಯನ್ನು ಮುಚ್ಚಿಡದೆ ತೋರಿಸಿ. ದೋಷ ಏನೆಂದು ತಿಳಿದ ಮೆಕ್ಯಾನಿಕ್ ಧೈರ್ಯವಾಗಿ ಬೆಲೆ ಹೇಳುತ್ತಾನೆ, ತಿಳಿಯದವನು ಅತಿ ಕೆಟ್ಟದ್ದನ್ನೇ ಊಹಿಸಿ ಬೆಲೆ ಇಳಿಸುತ್ತಾನೆ. ಅದೇ ಮಾದರಿಯ ಕಾರು ಇಟ್ಟುಕೊಂಡವರು, ಅದನ್ನು ರಿಪೇರಿ ಮಾಡುವ ಗ್ಯಾರೇಜಿನವರು, ಬಿಡಿಭಾಗಕ್ಕಾಗಿ ಕಾರು ಒಡೆಯುವವರು ಈ ಮೂವರಿಂದಲೂ ಬೆಲೆ ಕೇಳಿ. ಬಾಡಿ ಚೆನ್ನಾಗಿದ್ದು ಗೇರ್‌ಬಾಕ್ಸ್ ಕೆಲಸ ಮಾಡುತ್ತಿದ್ದರೆ ಮೊದಲಿನವರೇ ಹೆಚ್ಚು ಕೊಡುವ ಸಾಧ್ಯತೆ ಇದೆ. ಹೊಸ ಕಾರಿನ ವಿನಿಮಯಕ್ಕೆ ಕೊಡುವುದಾದರೆ, ಹಳೆಯದಕ್ಕೆ ಹೇಳಿದ ಬೆಲೆ ನಿಜವಾಗಿ ಅದರದೋ ಅಥವಾ ಹೊಸ ಕಾರಿಗೆ ಹೇಗೂ ಸಿಗುತ್ತಿದ್ದ ರಿಯಾಯಿತಿಯೋ ಎಂದು ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. ಕಾರನ್ನು ಒಡೆಯಲು ಕೊಟ್ಟರೆ ನೋಂದಣಿ ರದ್ದಾದ ಪತ್ರವನ್ನೂ, ಓಡಿಸಲು ಕೊಟ್ಟರೆ ಹೆಸರು ಬದಲಾದ ಪತ್ರವನ್ನೂ ಕೈಗೆ ಪಡೆಯುವವರೆಗೆ ವಿಮೆಯನ್ನು ರದ್ದು ಮಾಡಿಸಬೇಡಿ.